ಉಗ್ರಾಣದ ಇಲಿ, ಹಿತ್ತಲ ಓಣಿ

ಮನೆಯ ಯಾವ ಕೋಣೆಯನ್ನು ಎಷ್ಟು ದಿನಕ್ಕೊಮ್ಮೆ ಶುಚಿ ಮಾಡಬೇಕು ಎಂಬುದು ಕೊಳೆಯ ಲೆಕ್ಕವೆಂದು ನಾವು ನಂಬಿದ್ದೇವೆ. ಹಳೆ ಮೈಸೂರು ಸೀಮೆಯ ಮೇಲ್ಜಾತಿ ಮನೆಗಳ ದಿನಚರಿಯಲ್ಲಿ ಅದು ಮಡಿಯ ಲೆಕ್ಕವಾಗಿತ್ತು. ಒಲೆಯನ್ನು ಪ್ರತಿದಿನ ಸಾರಿಸಬೇಕು. ಊಟವಾದೊಡನೆ ಎಲೆ ಎತ್ತಿ ಆ ಜಾಗಕ್ಕೆ ಗೋಮಯ ಹಚ್ಚಬೇಕು. ಎರಡು ಹೊತ್ತಿನ ಊಟಕ್ಕೆ ಎರಡು ಸಲ. ದೇವರಮನೆ ಸ್ನಾನ ಮಾಡಿದವರ ಕೈಯಲ್ಲೇ ಶುಚಿಯಾಗಬೇಕು. ಬೆಳಕು ಹರಿಯುವಾಗ ಹೊಸಿಲು ತೊಳೆದು ರಂಗೋಲಿ. ನಡುಮನೆಗೆ ದಿನವೂ ಪೊರಕೆ, ಮಣ್ಣಿನ ನೆಲವಾದರೆ ವಾರಕ್ಕೊಮ್ಮೆ ಸೆಗಣಿ. ಉಗ್ರಾಣಕ್ಕೆ ಮಾತ್ರ ಯುಗಾದಿಗೋ ದೀಪಾವಳಿಗೋ ಸುಣ್ಣ ಬಳಿಯುವಾಗ ಒಂದು ಸಲ. ಕತ್ತಲು, ರಾಗಿಯ ವಾಡೆ, ಮೂಟೆ, ಇಲಿ. ಅತಿಥಿಯ ಕಣ್ಣಿಗೂ ದೇವರ ಕಣ್ಣಿಗೂ ಬೀಳದ ಜಾಗ ಅದು. (ಈ ಇಡೀ ಪಟ್ಟಿಯಲ್ಲಿ ಮನೆಯ ಯಜಮಾನ ಎಲ್ಲಿಯೂ ಪೊರಕೆ ಹಿಡಿಯುವುದಿಲ್ಲ ಎನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.)

ಈ ಕ್ರಮವನ್ನು ತಲೆಕೆಳಗು ಮಾಡಿದ್ದು ಪ್ಲೇಗು. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ರೋಗ ಹುಬ್ಬಳ್ಳಿಯನ್ನು ಹಾದು 1898ರ ಆಗಸ್ಟ್‌ನಲ್ಲಿ ರೈಲಿನ ದಾರಿಯಲ್ಲಿ ಬೆಂಗಳೂರಿಗೆ ಬಂತು. ರೋಗಾಣುವನ್ನು ಯೆರ್ಸಿನ್ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದ. ಆದರೆ ಅದು ಮನುಷ್ಯನ ಮೈಗೆ ಹೇಗೆ ಬರುತ್ತದೆ ಎಂಬುದು ತಿಳಿದಿರಲಿಲ್ಲ. ಹೊಲಸು, ಕೆಟ್ಟ ಗಾಳಿ, ಕತ್ತಲೆಯೇ ಕಾರಣವೆಂದು ಬಗೆದ ಸರಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಮನೆಗಳೊಳಗೆ ನುಗ್ಗಿತು. ಮುಂಬೈಯಲ್ಲಿ ಬೆಳಕು ಬೀಳಲೆಂದು ಹೆಂಚು ತೆಗೆಸಿದರು, ನೆಲ ಅಗೆಸಿದರು, ಗೋಡೆಗೆ ಸುಣ್ಣ ಹೊಡೆಸಿ ಚರಂಡಿಗೆ ಕಾರ್ಬಾಲಿಕ್ ಆಮ್ಲ ಸುರಿಸಿದರು. ಅಡುಗೆಮನೆಗೂ ಬಚ್ಚಲಿಗೂ ಭೇದ ಮಾಡದ ಈ ಶುಚಿ ಜನರಿಗೆ ಮೈಲಿಗೆಯಾಗಿ ಕಂಡಿತು. ಅವರು ಸಿಟ್ಟಾದದ್ದು ಸಹಜ. ಬರೀ ಮೌಢ್ಯ ಎಂದು ಅದನ್ನು ತಳ್ಳಿಹಾಕುವ ಬರಹಗಳನ್ನು ನಾನು ಒಪ್ಪಲಾರೆ. ಅಷ್ಟಕ್ಕೂ ಆ ತೊಳೆತದಿಂದ ಬೆದರಿದ ಇಲಿಗಳು ಪಕ್ಕದ ಮನೆಗಳಿಗೆ ಓಡಿ ರೋಗವನ್ನು ಹರಡಿರಬಹುದು ಎಂದು ಇತಿಹಾಸಕಾರರು ಮುಂದೆ ಹೇಳಿದ್ದಾರೆ.

ಅದೇ 1898ರಲ್ಲಿ ಕರಾಚಿಯಲ್ಲಿದ್ದ ಫ್ರೆಂಚ್ ವೈದ್ಯ ಪಾಲ್ ಲೂಯಿ ಸೀಮಾಂಡ್, ರೋಗ ಸಾಗುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ತೋರಿಸಿದ. ಕೆಲವು ವರ್ಷ ಅವನ ಮಾತಿಗೆ ಬೆಲೆ ಸಿಗಲಿಲ್ಲ. ನಮ್ಮ ಹಳ್ಳಿಗಳಲ್ಲಾದರೋ ಅಟ್ಟದಿಂದ ‘ಇಲಿ ಬಿತ್ತು’ ಎಂದರೆ ಸಾಕು, ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಚಿಗಟದ ಅರಿವು ಅವರಿಗಿರಲಿಲ್ಲ, ಸತ್ತ ಇಲಿಯ ಅರ್ಥ ಗೊತ್ತಿತ್ತು. ದಿನಕ್ಕೆರಡು ಸಲ ಗೋಮಯ ಕಂಡ ಊಟದ ಜಾಗವಲ್ಲ, ವರ್ಷಕ್ಕೊಮ್ಮೆ ಪೊರಕೆ ಕಂಡ ಉಗ್ರಾಣವೇ ಮನೆಯ ಅತಿ ಅಪಾಯದ ಕೋಣೆಯಾಗಿತ್ತು. 1910ರ ಹೊತ್ತಿಗೆ ಬೆಂಗಳೂರು ದಂಡು ಪ್ರದೇಶದಲ್ಲಿ ಫ್ರೇಸರ್ ಟೌನ್ ಎದ್ದಾಗ, ಇಲಿ ಬಿಲ ತೋಡಲಾಗದ ಮನೆ ಕಟ್ಟುವುದೇ ಅದರ ಮುಖ್ಯ ಉದ್ದೇಶವಾಗಿತ್ತು.

ಆದರೆ ಪಟ್ಟಿಯಲ್ಲಿ ಇನ್ನೊಂದು ಕೋಣೆ ಬಾಕಿ ಇದೆ. ಕಕ್ಕಸಿಗೆ ಮನೆಯವರ ದಿನಚರಿಯಲ್ಲಿ ವಾರ, ಹೊತ್ತು ಯಾವುದೂ ಇರಲಿಲ್ಲ. ದಿನವೂ ಶುಚಿಯಾಗಲೇಬೇಕಿದ್ದ ಕೋಣೆ ಅದು, ದಿನವೂ ಶುಚಿಯಾಗುತ್ತಿತ್ತು, ಮನೆಯವರು ಮುಟ್ಟದೆಯೇ. 1892ರಿಂದ ರೂಪುಗೊಂಡು ಪ್ಲೇಗಿನ ನಂತರ ಬೇಗ ತುಂಬಿದ ಮಲ್ಲೇಶ್ವರ, ಬಸವನಗುಡಿಗಳ ನಕ್ಷೆಯಲ್ಲಿ ಇದು ಢಾಳಾಗಿ ಕಾಣುತ್ತದೆ: ಮುಂದೆ ಅಗಲವಾದ ರಸ್ತೆ, ಮನೆಗಳ ಬೆನ್ನಿಗೆ ಬೆನ್ನು ಕೂಡುವಲ್ಲಿ ಕಿರಿದಾದ ‘ಕನ್ಸರ್ವೆನ್ಸಿ’ ಓಣಿ. ಮಲ ಹೊರುವವರು ಆ ಓಣಿಯಿಂದ ಬಂದು ಆ ಓಣಿಯಿಂದಲೇ ಹೋಗಬೇಕು. ಆರೋಗ್ಯದ ಹೊಸ ವಿಜ್ಞಾನವೂ ಅಸ್ಪೃಶ್ಯತೆಯ ಹಳೆಯ ನಿಯಮವೂ ಒಂದೇ ನಕ್ಷೆಯಲ್ಲಿ ಜಗಳವಿಲ್ಲದೆ ಕೂತವು. ಆ ಬಡಾವಣೆಗಳನ್ನು ಮಾದರಿಯೆಂದು ಹೊಗಳುವಾಗ ನಾವು ಮುಂದಿನ ರಸ್ತೆಯ ಮರಗಳನ್ನಷ್ಟೇ ನೆನೆಯುತ್ತೇವೆ.

1970ರ ದಶಕದ ಆರಂಭದಲ್ಲಿ, ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ದೇಶದ ಕಾಯಿದೆ ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದದ್ದು 2013ರಲ್ಲಿ. ಇವೆರಡರ ನಡುವೆ, 2010ರ ಜುಲೈಯಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮುದಾಯದವರು ತಾವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಮಲ್ಲೇಶ್ವರದ ಆ ಓಣಿಗಳು ಈಗಲೂ ಇವೆ. ಅಲ್ಲಿ ಸ್ಕೂಟರು ನಿಲ್ಲಿಸುತ್ತಾರೆ.