ಎರಡು ರೂಪಾಯಿ ನೋಟಿನ ಉಪಗ್ರಹ

ಹಳೆಯ ಎರಡು ರೂಪಾಯಿ ನೋಟು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಅದರ ಹಿಂಬದಿಗೆ ಹಲವು ಮುಖಗಳ ಪೆಟ್ಟಿಗೆಯಂಥ ಒಂದು ಚಿತ್ರವಿತ್ತು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳ ಕೂಲಿಯಲ್ಲಿ, ಅಥಣಿ-ಕಾಗವಾಡದ ಸಂತೆಗಳಲ್ಲಿ, ರಾಯಬಾಗದ ಬಸ್ಸಿನ ಕಂಡಕ್ಟರನ ಚೀಲದಲ್ಲಿ ಅದು ಓಡಾಡಿತು. ಅದು ಭಾರತದ ಮೊದಲ ಉಪಗ್ರಹ ‘ಆರ್ಯಭಟ’. ಮೇಲೆ ಹೋಗಿ ಅದು ನೋಡಿದ್ದೇನು ಎಂದು ಕೇಳಿದವರು ಕಡಿಮೆ.

ಮುರಿದ ಎಲುಬನ್ನು ತೋರಿಸುವ ಎಕ್ಸ್-ರೇ ಆಕಾಶದಿಂದಲೂ ಬರುತ್ತದೆ. ಆದರೆ ಭೂಮಿಯ ಗಾಳಿ ಅದನ್ನು ಮೇಲೆಯೇ ತಡೆದುಬಿಡುತ್ತದೆ. 1962ರಲ್ಲಿ ಜಿಯಾಕೋನಿ ಮತ್ತು ಸಂಗಡಿಗರು ಅಮೆರಿಕದಿಂದ ಹಾರಿಸಿದ ರಾಕೆಟ್ಟು, ವೃಶ್ಚಿಕ ರಾಶಿಯ ದಿಕ್ಕಿನಲ್ಲಿ ಇಂಥ ಪ್ರಬಲ ಕಿರಣವೊಂದನ್ನು ಕಂಡಿತು. ಬೇಸಿಗೆಯ ರಾತ್ರಿ ಚಿಕ್ಕೋಡಿಯ ಮಾಳಿಗೆಯ ಮೇಲೆ ಮಲಗಿದರೆ ದಕ್ಷಿಣಕ್ಕೆ ಕಾಣುವ ಚೇಳು ಅದೇ. 1970ರಲ್ಲಿ ಕೀನ್ಯಾದ ಕರಾವಳಿಯಿಂದ ‘ಉಹುರು’ ಉಪಗ್ರಹ ಏರಿತು. ಆ ಯೋಜನೆಯ ಹೊಣೆ ಹೊತ್ತವರು ಮಾರ್ಜರಿ ಟೌನ್‌ಸೆಂಡ್ ಎಂಬ ಮಹಿಳಾ ಎಂಜಿನಿಯರ್. ‘ಸೆಂಟಾರಸ್ ಎಕ್ಸ್-3’ ಎಂಬ ಮೂಲದ ಕಿರಣ ಸುಮಾರು ಎರಡು ದಿನಕ್ಕೊಮ್ಮೆ ಮರೆಯಾಗುವುದನ್ನು ಉಹುರು ಗುರುತಿಸಿತು. ಜೊತೆಯ ದೊಡ್ಡ ನಕ್ಷತ್ರ ಅಡ್ಡ ಬಂದು ಗ್ರಹಣ ಹಿಡಿಸುತ್ತಿತ್ತು. ಅಂದರೆ ಅಲ್ಲಿರುವುದು ಒಂದಲ್ಲ, ಜೋಡಿ.

ಈ ಜೋಡಿಯಲ್ಲಿ ಒಂದು ನ್ಯೂಟ್ರಾನ್ ನಕ್ಷತ್ರ, ಸಿಡಿದು ಸತ್ತ ದೊಡ್ಡ ನಕ್ಷತ್ರದ ತಿರುಳು. ತೂಕ ಸೂರ್ಯನಿಗಿಂತ ಹೆಚ್ಚು. ಅಗಲ ಸುಮಾರು 20 ಕಿಲೋಮೀಟರ್, ಚಿಕ್ಕೋಡಿಯಿಂದ ನಿಪ್ಪಾಣಿಯಷ್ಟೂ ಇಲ್ಲ! ಸಂಗಾತಿಯ ಅನಿಲವನ್ನು ಅದು ಎಳೆದುಕೊಳ್ಳುತ್ತದೆ. ಆ ಅನಿಲ ಸುತ್ತುತ್ತ ಬೀಳುವಾಗ ಕೋಟಿಗಟ್ಟಲೆ ಡಿಗ್ರಿ ಕಾದು ಎಕ್ಸ್-ರೇ ಸೂಸುತ್ತದೆ.

ಇವುಗಳನ್ನು ನೋಡುವ ಉಪಕರಣವೊಂದು ಆರ್ಯಭಟದಲ್ಲಿಯೂ ಇತ್ತು. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ, ಬೆಂಗಳೂರಿನ ಪೀಣ್ಯದ ತಗಡಿನ ಶೆಡ್ಡುಗಳಲ್ಲಿ, 360 ಕಿಲೋ ತೂಕದ ಆ ಉಪಗ್ರಹ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟು ಅದನ್ನು ಮೇಲಕ್ಕೊಯ್ದಿತು. ನಾಲ್ಕೈದು ದಿನಕ್ಕೇ ಅದರ ವಿದ್ಯುತ್ ವ್ಯವಸ್ಥೆ ಕೆಟ್ಟು ವಿಜ್ಞಾನದ ಕೆಲಸ ನಿಂತಿತು. ಅಷ್ಟರೊಳಗೇ ಅದು ‘ಸಿಗ್ನಸ್ ಎಕ್ಸ್-1’ ಅನ್ನು, ‘ಜಿಎಕ್ಸ್ 17+2’ ಮತ್ತು ‘ಜಿಎಕ್ಸ್ 9+9’ ಎಂಬ ಎರಡು ನ್ಯೂಟ್ರಾನ್ ಜೋಡಿಗಳನ್ನು ನೋಡಿಬಿಟ್ಟಿತ್ತು. ರಾವ್, ಕಸ್ತೂರಿರಂಗನ್ ಮುಂತಾದವರು ಅದರ ಲೆಕ್ಕವನ್ನು 1976ರಲ್ಲಿ ಲೋಕದ ಮುಂದಿಟ್ಟರು.

ಐದನೆಯ ದಿನಕ್ಕೆ ಕೆಟ್ಟದ್ದನ್ನು ವ್ಯರ್ಥ ಎನ್ನೋಣವೇ? 2015ರ ಸೆಪ್ಟೆಂಬರ್ 28ರಂದು ‘ಆಸ್ಟ್ರೋಸ್ಯಾಟ್’ ಏರಿತು. ನಲವತ್ತು ವರ್ಷದ ಮೇಲೆ ಅದೂ ಅದೇ ಜಿಎಕ್ಸ್ 17+2 ಅನ್ನು ನೋಡಿತು. 2024ರ ಜನವರಿ 1ರಂದು ಹೋದ ‘ಎಕ್ಸ್‌ಪೋಸ್ಯಾಟ್’ನ ಮುಖ್ಯ ಉಪಕರಣ ತಯಾರಾದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ.

ನಡುವೆಯೇ ಶಾಲೆ ಬಿಡಿಸಿ ಮದುವೆ ಮಾಡಿದ ಹುಡುಗಿಯನ್ನು ತೋರಿಸಿ, “ಕಲಿತು ಏನು ಬಂತು?” ಎನ್ನುವ ಮಾತನ್ನು ನಮ್ಮ ಕಡೆ ಇನ್ನೂ ಕೇಳುತ್ತೇನೆ. ನಾಲ್ಕು ದಿನ ಕಂಡದ್ದೂ ಕಂಡದ್ದೇ. ಮುಂದಿನವರ ಎಣಿಕೆ ಅಲ್ಲಿಂದಲೇ ಶುರುವಾಗುತ್ತದೆ.