ಸಾಕ್ಷಿಯ ಭತ್ಯೆ, ಸಾಕ್ಷ್ಯದ ಬೆಲೆ

ಲೋಭದಿಂದ ನುಡಿದ ಸಾಕ್ಷ್ಯವನ್ನು ಮನುಸ್ಮೃತಿಯ ಎಂಟನೆಯ ಅಧ್ಯಾಯ ಸುಳ್ಳೆಂದೆಣಿಸಿ ಸಾವಿರ ಪಣಗಳ ದಂಡ ವಿಧಿಸುತ್ತದೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 155ನೆಯ ಪ್ರಕರಣವೂ ಲಂಚಕ್ಕೆ ಒಪ್ಪಿದ ಸಾಕ್ಷಿಯ ವಿಶ್ವಾಸಾರ್ಹತೆಯನ್ನು ಪ್ರಶ್ನಿಸಲು ಎದುರು ಪಕ್ಷಕ್ಕೆ ಅವಕಾಶವಿತ್ತಿತು.

ಆದರೆ ಸಾಕ್ಷಿಯನ್ನು ಅವನದೇ ಖರ್ಚಿನಲ್ಲಿ ಕರೆಸುವುದನ್ನೂ ಕಾನೂನು ಒಪ್ಪಲಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೆಯ ಆದೇಶದಂತೆ, ಸಮನ್ಸು ಕೋರುವ ಪಕ್ಷಗಾರನು ಸಾಕ್ಷಿಯ ಪ್ರಯಾಣ ಹಾಗೂ ಒಂದು ದಿನದ ಹಾಜರಿಯ ವೆಚ್ಚವನ್ನು ಮುಂಚಿತವಾಗಿ ನ್ಯಾಯಾಲಯಕ್ಕೆ ಕಟ್ಟಬೇಕು. ಮದ್ರಾಸ್ ಪ್ರಾಂತ್ಯದ ಕಾಸರಗೋಡು, ಆದೋನಿಗಳಿಗೂ ಬೊಂಬಾಯಿ ಪ್ರಾಂತ್ಯದ ಸೊಲ್ಲಾಪುರಕ್ಕೂ ಅನ್ವಯಿಸಿದ್ದು ಇದೇ ಸಂಹಿತೆ. ಹಣ ನ್ಯಾಯಾಲಯದ ಮೂಲಕ ಸಂದಾಯವಾಗುವುದರಿಂದ ಭತ್ಯೆಗೂ ಲಂಚಕ್ಕೂ ನಡುವಿನ ಗೆರೆ ಸ್ಪಷ್ಟವಾಯಿತು. ಆದರೂ ಅದೇ ನಿಯಮದಲ್ಲೊಂದು ತಾರತಮ್ಯವಿದೆ: ತಜ್ಞ ಸಾಕ್ಷಿಯ ಸಮಯಕ್ಕೆ ಸಂಭಾವನೆಯುಂಟು, ಸಾಮಾನ್ಯ ಸಾಕ್ಷಿಗೆ ಹೇಳಿರುವುದು ವೆಚ್ಚವನ್ನು ಮಾತ್ರ.

ಕ್ರಿಮಿನಲ್ ಮೊಕದ್ದಮೆಗಳಲ್ಲಿ ಈ ಹೊಣೆ ಸರಕಾರದ್ದು. 1973ರ ದಂಡ ಪ್ರಕ್ರಿಯಾ ಸಂಹಿತೆಯ 312ನೆಯ ಪ್ರಕರಣ ಇದನ್ನು ರಾಜ್ಯಗಳ ನಿಯಮಗಳಿಗೆ ಅಧೀನಗೊಳಿಸಿತು. ಹೀಗೆ ಗಡಿಯ ಕನ್ನಡ ಸಾಕ್ಷಿಯ ಭತ್ಯೆ ಕೇರಳ, ಮಹಾರಾಷ್ಟ್ರ, ಆಂಧ್ರಗಳಲ್ಲಿ ಬೇರೆ ಬೇರೆ ನಿಯಮಗಳಿಗೆ ಒಳಪಟ್ಟಿತು. 2000ದ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಪದೇ ಪದೇ ಮುಂದೂಡುವ ವಿಚಾರಣೆಗಳಿಂದ ಸಾಕ್ಷಿಗಳು ಬಸವಳಿಯುವುದನ್ನು ಕಟುವಾಗಿ ಟೀಕಿಸಿತು.

ನೈತಿಕ ಪ್ರಶ್ನೆ ಇರುವುದು ಇಲ್ಲಿಯೇ. ನ್ಯಾಯಾಲಯದ ಭತ್ಯೆ ಕೈಸೇರದಿದ್ದರೆ ಕೂಲಿ ಬಿಟ್ಟು ಬಂದವನ ಬಸ್ಸಿನ ಖರ್ಚು, ಊಟ ಪಕ್ಷಗಾರನ ಪಾಲಿಗೆ ಬೀಳುತ್ತವೆ. ಪಾಟೀಸವಾಲಿನಲ್ಲಿ ಆ ಊಟವೇ ಆಮಿಷವೆಂಬ ಆರೋಪವಾಗಬಹುದು. ಬಡ ಸಾಕ್ಷಿಯ ಮಾತನ್ನು ಕಾಪಾಡುವುದು ಸಕಾಲದಲ್ಲಿ, ಬಹಿರಂಗವಾಗಿ ಸಂದಾಯವಾಗುವ ಭತ್ಯೆ.