ಬಾರ್ದೇಸಿನ ಉಪ್ಪು, ಕೊರಳಿನ ಗ್ರಂಥಿ

ಗೋವಾದ ಬಾರ್ದೇಸ್ ತಾಲ್ಲೂಕಿನ ಕಲಂಗುಟ್‌ಗೆ 1960ರ ದಶಕದ ಕೊನೆಯಲ್ಲಿ ಪ್ರವಾಸಿಗರು ಬರತೊಡಗಿದರು. ಅದಕ್ಕೂ ಮೊದಲು ಆ ಸೀಮೆಯ ಜೀವನ ಮೀನು, ತೆಂಗು, ಭತ್ತ ಮತ್ತು ಉಪ್ಪನ್ನು ನೆಚ್ಚಿಕೊಂಡಿತ್ತು. ಸುತ್ತಲಿನ ಆರ್ಪೋರಾ, ನೆರೂಲ್ ಗ್ರಾಮಗಳಲ್ಲಿ ಹಿನ್ನೀರಿನ ಅಂಚಿಗೆ ಉಪ್ಪಿನ ಆಗರಗಳಿದ್ದವು. ಮಳೆ ನಿಂತ ಮೇಲೆ ಒಡ್ಡುಗಳನ್ನು ಸರಿಪಡಿಸಿ, ನೆಲವನ್ನು ತುಳಿದು ಬಡಿದು ಗಟ್ಟಿ ಮಾಡುತ್ತಿದ್ದರು. ಉಬ್ಬರದ ನೀರನ್ನು ತೂಬಿನಿಂದ ಒಳಬಿಟ್ಟು ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತ ಹೋದರೆ ಬಿಸಿಲಿಗೆ ಅದು ಗಟ್ಟಿಯಾಗಿ, ಕೊನೆಯ ಪಾತಿಯಲ್ಲಿ ಹರಳುಗಟ್ಟುತ್ತಿತ್ತು. ಉದ್ದ ಹಿಡಿಯ ಮರದ ಹಲಗೆಯಿಂದ ಹರಳನ್ನು ಎಳೆದು ಒಡ್ಡಿನ ಮೇಲೆ ರಾಶಿ ಹಾಕುತ್ತಿದ್ದರು. ಮುಂಗಾರಿನ ಮೊದಲ ಮಳೆಗೆ ಕೆಲಸ ಮುಗಿಯುತ್ತಿತ್ತು.

ಈ ಉಪ್ಪು ಎತ್ತಿನ ಹೇರುಗಳಲ್ಲಿ ಘಟ್ಟ ಹತ್ತಿ ಕರ್ನಾಟಕದ ಒಳನಾಡಿಗೆ ಬರುತ್ತಿತ್ತು. 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದ ಉಪ್ಪಿನ ಉತ್ಪಾದನೆಯ ಹತೋಟಿಯನ್ನು ಬ್ರಿಟಿಷ್ ಸರ್ಕಾರಕ್ಕೆ ಕೊಟ್ಟಿತು. ಪ್ರತಿಯಾಗಿ ಗೋವಾ ಆಡಳಿತಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ಸಿಕ್ಕಿತು. ಸಣ್ಣ ಆಗರಗಳವರಿಗೆ ಸಿಕ್ಕಿದ್ದು ಕಷ್ಟ. 1892ರಲ್ಲಿ ಒಪ್ಪಂದ ಕೊನೆಗೊಂಡಿತು.

ಮುಂದಿನ ಶತಮಾನದಲ್ಲಿ ಇದೇ ಕಸುಬಿಗೆ ಎದುರಾದ ಪ್ರಶ್ನೆ ಹುಟ್ಟಿದ್ದು ಮನುಷ್ಯನ ಕೊರಳಿನ ಥೈರಾಯಿಡ್ ಗ್ರಂಥಿಯಿಂದ. ಹೊರಗಿನ ಹವೆ, ಆಹಾರ ಬದಲಾದರೂ ಪ್ರಾಣಿಯ ದೇಹ ತನ್ನ ಒಳಸ್ಥಿತಿಯನ್ನು ಹದ ತಪ್ಪದಂತೆ ಕಾಯ್ದುಕೊಳ್ಳುತ್ತದೆ. ಜೀವಕೋಶಗಳು ಪರಸ್ಪರ ಕಳಿಸುವ ರಾಸಾಯನಿಕ ಸಂದೇಶಗಳೇ ಇದಕ್ಕೆ ಆಧಾರ. ಮೆದುಳಿನ ಹೈಪೊಥಲಾಮಸ್ ಸೂಚನೆ ಕೊಟ್ಟಾಗ ಪಿಟ್ಯುಟರಿ ಗ್ರಂಥಿ ಟಿಎಸ್ಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಥೈರಾಯಿಡ್ ಕೋಶದ ಹೊರಪೊರೆಯಲ್ಲಿರುವ ಗ್ರಾಹಕಕ್ಕೆ ಅದು ಅಂಟಿದೊಡನೆ ಕೋಶದೊಳಗೆ ಇನ್ನೊಂದು ಸಂದೇಶವಾಹಕ ಹೆಚ್ಚುತ್ತದೆ. ಆಗ ಕೋಶ ರಕ್ತದಿಂದ ಅಯೊಡಿನ್ ಹೀರಿಕೊಂಡು ಥೈರಾಕ್ಸಿನ್ ತಯಾರಿಸುತ್ತದೆ. ಥೈರಾಕ್ಸಿನ್ನಿನ ಒಂದು ಅಣುವಿಗೆ ಅಯೊಡಿನ್ನಿನ 4 ಪರಮಾಣು ಬೇಕು. ದೇಹದ ಶಾಖ, ಎದೆಬಡಿತ, ಮಗುವಿನ ಮೆದುಳಿನ ಬೆಳವಣಿಗೆ ಈ ಹಾರ್ಮೋನಿನ ಮೇಲೆ ನಿಂತಿವೆ. ರಕ್ತದಲ್ಲಿ ಅದು ಸಾಕಷ್ಟಾದಾಗ ಪಿಟ್ಯುಟರಿ, ಹೈಪೊಥಲಾಮಸ್ ಎರಡನ್ನೂ ತಡೆದು ಸೂಚನೆಯನ್ನು ತಗ್ಗಿಸುತ್ತದೆ.

ಅಯೊಡಿನ್ ಸಿಗದಿದ್ದರೆ ಈ ತಡೆ ಬೀಳುವುದಿಲ್ಲ. ಟಿಎಸ್ಎಚ್ ಏರುತ್ತಲೇ ಹೋಗುತ್ತದೆ, ಥೈರಾಯಿಡ್ ಕೋಶಗಳು ದೊಡ್ಡವಾಗಿ ಸಂಖ್ಯೆಯಲ್ಲೂ ಹೆಚ್ಚುತ್ತವೆ, ಕೊರಳು ಊದುತ್ತದೆ. ಇದೇ ಗಳಗಂಡ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೊಡಿನ್ ಕೇವಲ 150 ಮೈಕ್ರೊಗ್ರಾಂ. ಕರಾವಳಿಯವರಿಗೆ ಸ್ವಲ್ಪ ಭಾಗ ಕಡಲ ಮೀನಿನಿಂದ ದೊರೆಯುತ್ತದೆ. ಆದರೆ ಸಮುದ್ರದ ನೀರು ಹರಳುಗಟ್ಟುವಾಗ ಅಯೊಡಿನ್ ಉಪ್ಪಿನಲ್ಲಿ ಉಳಿಯುವುದು ಅತ್ಯಲ್ಪ. ಹಾಗಾಗಿ ಘಟ್ಟ ಹತ್ತಿ ಬಂದ ಕರಾವಳಿಯ ಉಪ್ಪಿನಿಂದ ಒಳನಾಡಿನವರ ಕೊರತೆ ನೀಗಲಿಲ್ಲ. ಕೊಡಗು, ಚಿಕ್ಕಮಗಳೂರು ಜಿಲ್ಲೆಗಳನ್ನು ಗಳಗಂಡ ಕಾಡಿತು.

ಹಿಮಾಲಯದ ಕಾಂಗ್ಡಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಆರಂಭಿಸಿದ ಅಧ್ಯಯನ ಅಯೊಡಿನ್ ಬೆರೆಸಿದ ಉಪ್ಪಿನಿಂದ ಗಳಗಂಡ ಇಳಿಯುವುದನ್ನು ತೋರಿಸಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಅಯೊಡಿನ್ ಇಲ್ಲದ ಅಡುಗೆ ಉಪ್ಪಿನ ಮಾರಾಟಕ್ಕೆ ಕೇಂದ್ರ ಸರ್ಕಾರ 1990ರ ದಶಕದ ಕೊನೆಗೆ ಹೇರಿದ ನಿಷೇಧ 2000ದಲ್ಲಿ ಹಿಂದೆ ಸರಿದು, 2006ರ ಮೇ ತಿಂಗಳಲ್ಲಿ ಮತ್ತೆ ಜಾರಿಗೆ ಬಂತು.

ಗೋವಾದ ಆಗರಗಳು ಅಷ್ಟರಲ್ಲೇ ಸೊರಗಿದ್ದವು. ಒಡ್ಡು ಒಡೆಯುತ್ತಿತ್ತು, ಕೂಲಿಯಾಳು ಸಿಗುತ್ತಿರಲಿಲ್ಲ, ಗುಜರಾತಿನ ಉಪ್ಪು ಅಗ್ಗವಾಗಿ ಬರುತ್ತಿತ್ತು. ಪ್ರವಾಸೋದ್ಯಮದಿಂದ ಕಲಂಗುಟ್ ಸುತ್ತ ಜಾಗದ ಬೆಲೆ ಏರಿತ್ತು. ನಿಷೇಧದ ನಂತರ ಆಗರದ ದಪ್ಪ ಉಪ್ಪು ಅಡುಗೆಮನೆಯ ಮಾರುಕಟ್ಟೆಯನ್ನು ಕಳೆದುಕೊಂಡು ಮೀನು ಒಣಗಿಸುವುದಕ್ಕೆ, ತೆಂಗಿನ ಬುಡಕ್ಕೆ ಸೀಮಿತವಾಗತೊಡಗಿತು.

ಅಯೊಡಿನ್ ನಿಯಮ ಮಕ್ಕಳ ಬುದ್ಧಿಬೆಳವಣಿಗೆಯನ್ನು ಕಾಯುವಂಥದು, ಅದರಲ್ಲಿ ರಾಜಿಗೆ ಎಡೆಯಿಲ್ಲ. ಉಪ್ಪಿಗೆ ಪೊಟ್ಯಾಸಿಯಂ ಅಯೊಡೇಟ್ ಸಿಂಪಡಿಸುವುದು ದೊಡ್ಡ ವಿದ್ಯೆಯೂ ಅಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಆಗರದ ಮಾಲೀಕರು ಸಹಕಾರಿ ಸಂಘ ಕಟ್ಟಿಕೊಂಡು ಕಸುಬನ್ನು ಉಳಿಸಿಕೊಂಡರು. ಬಾರ್ದೇಸಿನ ಸಣ್ಣ ಆಗರಗಳಿಗೆ ಅಂಥ ಒಗ್ಗಟ್ಟಿನ ಬಲ ಒದಗಲಿಲ್ಲ.